ತಪ್ಪಿನಿಂದ ಹುಟ್ಟಿದ ನಾಯಿಕೆ

ಅಮೆರಿಕದ ಚಿತ್ರಕಥೆಗಳ ನಾಯಿಕೆಯೊಬ್ಬಳನ್ನು ಕುರಿತು ಈ ಪುಟದಲ್ಲಿ ಬರೆಯಹೊರಟರೆ ಕೆಲವು ವಾಚಕರ ಹುಬ್ಬು ಮೇಲೇರೀತು. ಏರಲಿ. ಡೋನಾ ಟ್ರಾಯ್ ಎಂಬ ಈ ಹೆಣ್ಣುಮಗಳನ್ನು ನಾನು ವಿದ್ಯಾರ್ಥಿದೆಸೆಯಿಂದ ಬಲ್ಲೆ. ಹಳೆಯ ಪುಸ್ತಕಗಳ ರಾಶಿಯಲ್ಲಿ ಅವಳು ಸಿಕ್ಕಂದಿನಿಂದ ಇಂದಿನವರೆಗೆ ಅಕ್ಕರೆ ಕುಂದಿಲ್ಲ. ಆದರೂ ಅವಳು ಯಾರ ಮಗಳೆಂದು ಕೇಳಿದರೆ ಒಂದು ಮಾತಿನಲ್ಲಿ ಉತ್ತರ ಕೊಡಲಾರೆ.

ಅವಳ ಹುಟ್ಟೇ ಒಂದು ಕೈತಪ್ಪು. ವಂಡರ್ ವುಮನ್ ಎಂಬ ಪ್ರಸಿದ್ಧ ವೀರವನಿತೆಯ ಎಳೆತನದ ಸಾಹಸಗಳನ್ನು ರಾಬರ್ಟ್ ಕ್ಯಾನಿಗರ್ 1959ರಿಂದ ಬರೆಯತೊಡಗಿದ. ಆ ಬಾಲಕಿಗೆ ವಂಡರ್ ಗರ್ಲ್ ಎಂದು ಹೆಸರು. ಬಾಲಕಿ, ವನಿತೆ ಇಬ್ಬರೂ ಒಬ್ಬಳೇ. 1965ರಲ್ಲಿ ಬಾಬ್ ಹೇನಿ 'ಟೀನ್ ಟೈಟನ್ಸ್' ಎಂಬ ಕಿರಿಯರ ತಂಡಕ್ಕೆ ಈ ಬಾಲಕಿಯನ್ನು ಬೇರೊಬ್ಬ ವ್ಯಕ್ತಿಯೆಂಬಂತೆ ಸೇರಿಸಿಬಿಟ್ಟ. ತಾನೇ ಬೆಳೆದು ದೊಡ್ಡವಳಾದವಳ ಕಾಲದಲ್ಲಿ ತಾನೂ ಬಾಲಕಿಯಾಗಿ ಇರುವುದು ಹೇಗೆ? ನಾಲ್ಕು ವರ್ಷ ಯಾರೂ ಉತ್ತರಿಸಲಿಲ್ಲ. 1969ರಲ್ಲಿ ಮಾರ್ವ್ ವುಲ್ಫ್‌ಮನ್ ಎಂಬ ತರುಣ ಲೇಖಕ, ಉರಿಯುವ ಕಟ್ಟಡದಿಂದ ವಂಡರ್ ವುಮನ್ ಎತ್ತಿತಂದ ಅನಾಥ ಶಿಶು ಇವಳು ಎಂದ. ಡೋನಾ ಟ್ರಾಯ್ ಎಂಬ ಹೆಸರೂ ಆಗಲೇ ಬಂತು.

ಆ ಶಿಶು ಯಾರದೆಂಬುದು ಮಾತ್ರ ಉಳಿಯಿತು. 1984ರಲ್ಲಿ ಅದೇ ವುಲ್ಫ್‌ಮನ್, ಚಿತ್ರಕಾರ ಜಾರ್ಜ್ ಪೆರೆಜ್‌ನ ಜೊತೆ ಸೇರಿ, 'ನ್ಯೂ ಟೀನ್ ಟೈಟನ್ಸ್' ಪತ್ರಿಕೆಯ 38ನೆಯ ಸಂಚಿಕೆಯಲ್ಲಿ ಈ ಪ್ರಶ್ನೆಯನ್ನೇ ಕಥಾವಸ್ತು ಮಾಡಿಕೊಂಡ. ಡೋನಾಳ ಮದುವೆ ಹತ್ತಿರವಾಗಿದೆ. (ವರ ಟೆರಿ ಲಾಂಗ್ ನಮ್ಮ ಅಧ್ಯಾಪಕ ವೃತ್ತಿಯವನೇ ಆದರೂ ನನಗೆಂದೂ ಹಿಡಿಸಿದವನಲ್ಲ.) ಹೆತ್ತವರಾರೆಂದು ತಿಳಿಯದ ಕೊರಗು ಅವಳಿಗೆ. ಗೆಳೆಯ ಡಿಕ್ ಗ್ರೇಸನ್, ಬ್ಯಾಟ್‌ಮ್ಯಾನ್‌ನ ಒಡನಾಡಿ ರಾಬಿನ್, ವೇಷ ಕಳಚಿಟ್ಟು ಹುಡುಕಹೊರಡುತ್ತಾನೆ. ಸುಟ್ಟ ಕಟ್ಟಡ, ಹಳೆಯ ಬೊಂಬೆ, ಅನಾಥಾಲಯ: ಹೀಗೆ ಜಾಡು ಸಾಗುತ್ತದೆ. ಕೊನೆಗೆ, ಗಂಡ ಸತ್ತಮೇಲೆ ಬಡತನಕ್ಕೆ ಸೋತು ಮಗುವನ್ನು ಬಿಟ್ಟುಕೊಟ್ಟ ಸಾಕುತಾಯಿ ಫೇ ಸಿಗುತ್ತಾಳೆ. ಹೆತ್ತವಳ ಸಮಾಧಿಯೂ ಸಿಗುತ್ತದೆ. ಮಕ್ಕಳನ್ನು ಮಾರುವ ತಂಡದ ಸಂಗತಿ ಸ್ವಲ್ಪ ಅನುಕೂಲಸಿಂಧುವೇ ಸರಿ. ಆದರೆ ಲೋಕ ಉಳಿಸುವ ಕಾಳಗದ ಗದ್ದಲವಿಲ್ಲ. ಮುಷ್ಟಿಯ ಪೆಟ್ಟಿಗಾಗಿ ಕಾದಿದ್ದ ನನಗೆ ಇಬ್ಬರು ಹೆಂಗಸರ ಭೇಟಿ ಸಿಕ್ಕಿತು. ಲೇಖಕರ ಅಜಾಗ್ರತೆಯಿಂದ ಉಳಿದ ಖಾಲಿ ಜಾಗ ಇಲ್ಲಿ ಒಂದು ಜೀವದ ನೋವಾಗಿದೆ. ನನ್ನ ಮಟ್ಟಿಗೆ ಆ ಪ್ರಕಾರದ ಅತ್ಯುತ್ತಮ ಕಥೆಗಳಲ್ಲಿ ಇದೊಂದು.

ಮುಂದಿನದು ಲೆಕ್ಕಪತ್ರದವರ ಕೆಲಸ. 1987ರಲ್ಲಿ ಪ್ರಕಾಶಕರು ವಂಡರ್ ವುಮನ್‌ಳ ಚರಿತ್ರೆಯನ್ನು ಮೊದಲಿನಿಂದ ಬರೆಸಿದರು. ಅವಳು ಈಗಷ್ಟೇ ಲೋಕಕ್ಕೆ ಬಂದವಳು ಎಂದಾಯಿತು. ಹಾಗಾದರೆ ಅಂದು ಬೆಂಕಿಯಿಂದ ಶಿಶುವನ್ನು ತಂದವರಾರು? ಹೊಸ ಚರಿತ್ರೆ ರಚಿಸಿದವನು ಅದೇ ಪೆರೆಜ್ ಎಂಬುದು ವಿಧಿಯ ವ್ಯಂಗ್ಯ. ಮರುವರ್ಷ ಗ್ರೀಕ್ ಪುರಾಣದ ಟೈಟನ್ನರನ್ನು ಕರೆತಂದು ತೇಪೆ ಹಾಕಲಾಯಿತು. ಆಮೇಲೆ ಜಾನ್ ಬರ್ನ್ ಅವಳನ್ನು ವಂಡರ್ ವುಮನ್‌ಳ ಮಾಯಾಪ್ರತಿರೂಪವಾಗಿಸಿ, ಜನ್ಮಜನ್ಮಾಂತರವೂ ದುಃಖಿಸುವ ಶಾಪ ಹೊರಿಸಿದ. ಗೊಂದಲವನ್ನೇ ಶಾಪವೆಂದದ್ದು ಜಾಣತನ, ಒಪ್ಪೋಣ. 2003ರಲ್ಲಿ ಸತ್ತಳು, 2005ರಲ್ಲಿ ಮರಳಿದಳು. 2011ರಲ್ಲಿ ಎಲ್ಲವನ್ನೂ ಅಳಿಸಿ ಬರೆದಮೇಲೆ ಜೇಡಿಮಣ್ಣಿನಿಂದ ಮಾಡಿದ ಡೋನಾ ಬಂದಳು.

ಒಬ್ಬಳಿಗೆ ಹಲವು ಹುಟ್ಟುಗಳಿರುವುದು ನಮಗೇನೂ ಹೊಸದಲ್ಲ. ನೇಗಿಲ ಗೆರೆಯಲ್ಲಿ ದೊರೆತ ಸೀತೆಯ ಜೊತೆಗೆ ರಾವಣನ ಸೀನಿನಿಂದ ಹುಟ್ಟಿದ ಸೀತೆಯೂ ಕನ್ನಡ ಜಾನಪದದಲ್ಲಿದ್ದಾಳೆ. ಒಬ್ಬಳು ಬಂದಳೆಂದು ಇನ್ನೊಬ್ಬಳನ್ನು ಯಾರೂ ಓಡಿಸಲಿಲ್ಲ. ಡೋನಾಳ ಒಡೆಯರ ರೀತಿ ಬೇರೆ. ಹೊಸದನ್ನು ಹೇಳಿದೊಡನೆ ಹಳೆಯದು ನಡೆಯಲೇ ಇಲ್ಲವೆಂದು ಸಾರುತ್ತಾರೆ. ಕಥೆ ಅವರ ಸ್ವತ್ತಿರಬಹುದು. ಫೇಯನ್ನು ಕಂಡ ಡೋನಾಳ ಮುಖವನ್ನು ನಾನು ಕಂಡಿದ್ದೇನೆ, ಅದು ನಡೆಯಲಿಲ್ಲವೆಂದು ನನಗೆ ಹೇಳುವ ಅಧಿಕಾರ ಅವರಿಗಿಲ್ಲ.

ಇಷ್ಟೆಲ್ಲ ಗೋಜಲಿನಲ್ಲಿ ಓದುವುದನ್ನು ಎಲ್ಲಿಂದ ಆರಂಭಿಸಲೆಂದು ವಿದ್ಯಾರ್ಥಿಗಳು ಕೇಳುವುದುಂಟು. 38ನೆಯ ಸಂಚಿಕೆಯಿಂದ ಎನ್ನುತ್ತೇನೆ. ಅದಕ್ಕೆ ಹಿಂದಿನದೇನೂ ತಿಳಿದಿರಬೇಕಾಗಿಲ್ಲ, ಡೋನಾಳಿಗೂ ತಿಳಿದಿರಲಿಲ್ಲ.