ಎರಿಯೂ ಏರಿಯೂ

ಪರದೇಶಕ್ಕೆ ಹೋಗಿ ಬೆಪ್ಪಾಗುವುದರಲ್ಲಿ ಒಂದು ಮರ್ಯಾದೆಯಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಅಮೆರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವೇ ಬಂತು. ನಾನು ಬೆಪ್ಪಾದದ್ದು ಇಂಡಿ, ಸಿಂದಗಿಗಳ ನಡುವೆ, ನನ್ನ ತಾಯ್ನುಡಿಯಲ್ಲೇ. ಇದಕ್ಕೆ ಯಾರು ಬಹುಮಾನ ಕೊಟ್ಟಾರು?

ಸಂಗತಿ ಹೀಗಿದೆ. ಕೆಲವು ವರ್ಷಗಳ ಹಿಂದೆ ಜನಪದ ತ್ರಿಪದಿಗಳನ್ನು ಕುರಿತು ಬೆಂಗಳೂರಿನಲ್ಲಿ ಒಂದು ಉಪನ್ಯಾಸ ಮಾಡಿದೆ. ಅದು ಆಮೇಲೆ ಅಚ್ಚೂ ಆಯಿತು. ಸ್ನೇಹಿತರೊಬ್ಬರು ಸಿಂದಗಿಯ ಕಡೆಯಿಂದ ಬರೆದು ತಂದಿದ್ದ ಹಾಡೊಂದು ಅದರಲ್ಲಿತ್ತು. ಪಂಚಮಿಗೆ ತಂಗಿಯನ್ನು ಕರೆದೊಯ್ಯಲು ಅಣ್ಣ ಎರಿ ಹಾಯ್ದು ಬರುತ್ತಾನೆ. ತಂಗಿ ನೀರು ಕಾಸಿ ಅವನ ಕಾಲು ತೊಳೆಯುತ್ತಾಳೆ. ಹಾಡು ಇಷ್ಟೇ. ಮಲೆನಾಡಿನಲ್ಲಿ ಹುಟ್ಟಿದ ನಾನು 'ಎರಿ' ಎಂಬುದನ್ನು ಬರೆದವರ ಕೈತಪ್ಪೆಂದು ಬಗೆದು 'ಏರಿ' ಎಂದು ತಿದ್ದಿದೆ. ಕೆರೆಯ ಏರಿ, ತಣ್ಣನೆಯ ಗಾಳಿ, ಅದರ ಮೇಲೆ ಗುನುಗಿಕೊಂಡು ಬರುವ ಅಣ್ಣ: ಎಷ್ಟು ಚಂದದ ಚಿತ್ರ! ಕಾಲು ತೊಳೆಯುವುದು ವಾಡಿಕೆಯ ಉಪಚಾರವೆಂದು ಹೇಳಿ, 'ಸರಳ', 'ಮುಗ್ಧ' ಎಂಬೆರಡು ವಿಶೇಷಣಗಳನ್ನು ಧಾರಾಳವಾಗಿ ತೊಡಿಸಿ ಮುಂದೆ ಸಾಗಿದೆ. ಸಭೆ ಚಪ್ಪಾಳೆ ತಟ್ಟಿತು.

ಮುಂದೊಂದು ಶ್ರಾವಣದಲ್ಲಿ ಹಲಸಂಗಿಯನ್ನು ನೋಡುವ ಆಸೆಯಿಂದ ಹೊರಟೆ. ಆಗ ಇಂಡಿ ತಾಲೂಕಿಗೆ ಸೇರಿದ್ದ ಆ ಹಳ್ಳಿಯಲ್ಲಿಯೇ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಕೂಡಿ 1931ರಲ್ಲಿ 'ಗರತಿಯ ಹಾಡು', ಮುಂದೆ 'ಜೀವನ ಸಂಗೀತ', 'ಮಲ್ಲಿಗೆ ದಂಡೆ'ಗಳನ್ನು ನಾಡಿಗೆ ಕೊಟ್ಟದ್ದು. ಅಲ್ಲಿಂದ ಸಿಂದಗಿಯ ದಾರಿ ಹಿಡಿದು, ಮಳೆ ಬಿದ್ದ ಮಾರನೆಯ ದಿನ ಒಂದು ಹಳ್ಳಿಯ ಹೊಲಗಳ ನಡುವೆ ನಡೆದೆ. ನಡೆದೆನೆನ್ನುವುದು ಮರ್ಯಾದೆಯ ಮಾತು. ಆ ಕಪ್ಪು ಮಣ್ಣು ಬೂಟಿಗೆ ಮೆತ್ತಿ, ಮೆತ್ತಿದ್ದಕ್ಕೆ ಮತ್ತೆ ಮೆತ್ತಿ, ನೂರು ಹೆಜ್ಜೆಗೆ ಒಂದೊಂದು ಕಾಲೂ ಒಂದೊಂದು ಗುಂಡುಕಲ್ಲಾಯಿತು. ಎರಡು ಬಾರಿ ಬೂಟು ಹಿಂದೆ ಉಳಿದು ಕಾಲು ಮಾತ್ರ ಮುಂದೆ ಬಂತು.

ಮೊದಲ ಮನೆಯ ಹೊಸ್ತಿಲಲ್ಲಿ ಒಬ್ಬ ಮುದುಕಿ ಕೈಯೆತ್ತಿ ತಡೆದಳು.

"ಏ ಯಪ್ಪಾ, ಹಂಗ ಬರಬ್ಯಾಡ್ರಿ. ಕಾಲಾನ ಎರಿ ತೊಳಕೊಂಡು ಬರ್ರಿ."

"ಎರಿ ಎಂದರೆ ಕೆರೆಯದಲ್ಲವೇ ಅವ್ವಾ?" ಎಂದೆ.

"ಕೆರಿ ಎಲ್ಲೈತ್ರೀ ಇಲ್ಲಿ? ಎರಿ ಅಂದ್ರ ಈ ಕರೀ ಮಣ್ಣರಿ. ಕನ್ನಡಾ ಬಲ್ಲವರು ಕಾಣ್ತೀರಿ, ಇಷ್ಟು ಗೊತ್ತಿಲ್ಲೇನು?"

ತಂಬಿಗೆಯಲ್ಲಿ ಬಿಸಿನೀರು ಬಂತು. ತಣ್ಣೀರಿಗೆ ಆ ಜಿಗುಟು ಬೇಗ ಬಿಡದು. ಹಾಡಿನಲ್ಲಿ ತಂಗಿ ನೀರು ಕಾಸಿದ್ದೇಕೆಂದು ಆಗ ತಿಳಿಯಿತು. ಅಣ್ಣನ ಪ್ರೀತಿಯ ತೂಕವೆಲ್ಲ ಅವನ ಕಾಲಿಗೆ ಮೆತ್ತಿದ ಮಣ್ಣಿನಲ್ಲಿತ್ತು. ನಾನು ಅದನ್ನು ತೊಳೆದು ತೆಗೆದು, ಅವನನ್ನು ಏರಿಯ ಮೇಲೆ ವಾಯುಸೇವನೆಗೆ ಕಳಿಸಿದ್ದೆ!

ಆ ಮನೆಯಲ್ಲಿ ಬೀಸುಕಲ್ಲು ಮೂಲೆ ಸೇರಿತ್ತು, ಹಿಟ್ಟಿಗೆ ಗಿರಣಿಯಿದೆ. ಆದರೂ ಮುದುಕಿ ನಾಲ್ಕಾರು ಪದ ಹಾಡಿದಳು. ಅಲ್ಲಿ ಇನ್ನೊಂದು ಪಾಠ ಸಿಕ್ಕಿತು. ತ್ರಿಪದಿಯ ಮೂರನೆಯ ಸಾಲು ಥಟ್ಟನೆ ಮುಗಿದುಹೋಗುತ್ತದೆಂದು ನಾನು ಬರೆದಿದ್ದೆ. ಪುಟದ ಮೇಲೆ ಅದು ನಿಜ. ಹಾಡುವಾಗ ಎರಡನೆಯ ಸಾಲಿನ ತುಂಡೊಂದು ಮರಳಿ ಬರುತ್ತದೆ. ಕಲ್ಲು ಇನ್ನೊಂದು ಸುತ್ತು ತಿರುಗುವಷ್ಟು ಹೊತ್ತು ಕೇಳುವವರು ಕಾಯಬೇಕು, ಆಮೇಲೆ ಕೊನೆಯ ಸಾಲು. ಅಚ್ಚಿನಲ್ಲಿ ಕಳೆದುಹೋದದ್ದು ಆ ಕಾಯುವಿಕೆ. ತವರಿನ ದಾರಿ ನೋಡುವ ಹೆಣ್ಣನ್ನೂ ನಾನು ಬರಿಯ ಕವಿಸಮಯವೆಂದುಕೊಂಡಿದ್ದೆ. ನಮ್ಮ ಮಲೆನಾಡಿನಲ್ಲಿ ದಾರಿ ಹತ್ತು ಮಾರಿಗೆ ತಿರುಗಿ ಮರೆಯಾಗುತ್ತದೆ. ಇಲ್ಲಿ ಮಣ್ಣಿನ ಮಾಳಿಗೆ ಹತ್ತಿ ನಿಂತರೆ ಮರವಿಲ್ಲ, ಗುಡ್ಡವಿಲ್ಲ. ಬರುವವನು ಬಹು ದೂರದಿಂದಲೇ ಕಾಣುತ್ತಾನೆ, ಬಾರದವನೂ ಅಷ್ಟೇ ಸ್ಪಷ್ಟವಾಗಿ ಕಾಣುವುದಿಲ್ಲ.

ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೂ ಹೋದೆ. ಆಲಮಟ್ಟಿಯ ನೀರು ಹರಿದ ಕಡೆ ಕಬ್ಬು ನಿಂತಿದೆ. ಹಾಡು ಕೇಳಿದರೆ ಹುಡುಗರು ಮೊಬೈಲು ತೆಗೆಯುತ್ತಾರೆ.

ಹೋಗಿ ಬಂದಮೇಲೆ ಗರತಿಯ ಹಾಡುಗಳೆಲ್ಲ ಚಿನ್ನವಾಗಿ ಕಂಡವೆಂದಲ್ಲ. ತವರಿನ ಹೊಗಳಿಕೆಯ ಎಷ್ಟೋ ಪದಗಳು ಈಗಲೂ ನನಗೆ ಒಂದೇ ಅಚ್ಚಿನವು. ಆ ಸೀಮೆಯಲ್ಲಿ ಹುಟ್ಟದವನು ಅವನ್ನು ವಿಮರ್ಶಿಸಲೇಬಾರದೆಂಬ ವಾದವೂ ನನಗೆ ಒಪ್ಪಿಗೆಯಿಲ್ಲ. ಆದರೆ ತಿಳಿಯದ ಮಾತನ್ನು ತಪ್ಪೆಂದು ತಿದ್ದುವ ಧೈರ್ಯ ನನಗೆಲ್ಲಿಂದ ಬಂತು? ಹಲಸಂಗಿಯ ಗೆಳೆಯರಿಗೆ ಎರಿಯೆಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮಗೆ ಹೇಳಬೇಕು. ಈ ಹಾಡುಗಳ ಮುಂದಿನ ಮುದ್ರಣಗಳಿಗೆ ಬೇಕಾದದ್ದು ಇನ್ನೊಂದು ಮುನ್ನುಡಿಯಲ್ಲ. ಮಣ್ಣು, ಮಳೆ, ಮನೆ, ಒಕ್ಕಲುತನಗಳ ಮಾತುಗಳಿಗೆ ಒಂದು ಪ್ರಾಮಾಣಿಕವಾದ ಪದಕೋಶ.

ನನ್ನ ಲೇಖನ ಮರುಮುದ್ರಣಕ್ಕೆ ಹೋಗುವಾಗ ಆ ಪುಟವನ್ನು ಹೊಡೆದುಹಾಕಿ, 'ಎರಿ'ಯನ್ನು ಇದ್ದಂತೆಯೇ ಇಟ್ಟು ಕಳಿಸಿದೆ. ಕರಡು ತಿದ್ದಿದವರು ಅದನ್ನು ಮತ್ತೆ 'ಏರಿ' ಮಾಡಿ ಕಳಿಸಿದ್ದರು.