ಆಹಾರ ಭದ್ರತೆಯೂ ಪೌಷ್ಟಿಕತೆಯೂ: ಒಂದು ವಿಮರ್ಶೆ

ಜನತೆಯ ಪೌಷ್ಟಿಕತೆಯ ಮಟ್ಟವನ್ನು ಹೆಚ್ಚಿಸುವುದು ರಾಜ್ಯದ ಪ್ರಾಥಮಿಕ ಕರ್ತವ್ಯಗಳಲ್ಲೊಂದೆಂದು ಭಾರತ ಸಂವಿಧಾನದ 47ನೆಯ ಅನುಚ್ಛೇದವು ವಿಧಿಸುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮವು ಈ ಕರ್ತವ್ಯವನ್ನು ಎಷ್ಟರಮಟ್ಟಿಗೆ ನೆರವೇರಿಸಿದೆಯೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1965ರಲ್ಲಿ ಸ್ಥಾಪಿತವಾದ ಭಾರತ ಆಹಾರ ನಿಗಮವು ಧಾನ್ಯಾಭಾವದ ಕಾಲದ ಸಂಸ್ಥೆ. ಅಕ್ಕಿ ಗೋಧಿಗಳ ಖರೀದಿಯೂ ಶೇಖರಣೆಯೂ ಅದರ ಮುಖ್ಯ ಕಾರ್ಯಗಳು. ಈ ಉಗ್ರಾಣವನ್ನೇ ಆಧರಿಸಿ ಅಧಿನಿಯಮವು ಆದ್ಯತಾ ಕುಟುಂಬಗಳಲ್ಲಿ ತಲೆಗೆ ತಿಂಗಳಿಗೆ 5 ಕಿಲೋಗ್ರಾಂ ಧಾನ್ಯವನ್ನು ಹಕ್ಕಾಗಿಸಿತು. ಅಕ್ಕಿಗೆ 3, ಗೋಧಿಗೆ 2, ರಾಗಿ ಜೋಳಾದಿಗಳಿಗೆ 1 ರೂಪಾಯಿಯೆಂದು ಅದು ಮೊದಲು ಗೊತ್ತುಮಾಡಿತ್ತು. 2023ರಿಂದ ಧಾನ್ಯವು ಉಚಿತ. ಆದರೆ ರಾಗಿ ಜೋಳಗಳ ಸಂಗ್ರಹಣೆ ಅತ್ಯಲ್ಪವಾದುದರಿಂದ ಪಡಿತರವು ಬಹುಮಟ್ಟಿಗೆ ಅಕ್ಕಿ ಗೋಧಿಗಳಲ್ಲಿಯೇ ನಿಂತಿತು. ಬೇಳೆಗಂತೂ ಈ ಹಕ್ಕಿನಲ್ಲಿ ಸ್ಥಾನವೇ ದೊರೆಯಲಿಲ್ಲ.

ಹಸಿವಿನ ನಿವಾರಣೆಯಲ್ಲಿ ಈ ವ್ಯವಸ್ಥೆಯ ಉಪಕಾರವನ್ನು ಅಲ್ಲಗಳೆಯಲಾಗದು. ಆದರೂ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ರಕ್ತಹೀನತೆಯು 2015-16ರಲ್ಲಿ ಶೇಕಡಾ 53ರಷ್ಟಿದ್ದು, 2019-21ರಲ್ಲಿ 57ಕ್ಕೆ ಏರಿತೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ತಿಳಿಸುತ್ತವೆ. ಇದಕ್ಕೆ ಕಾರಣಗಳು ಹಲವು. ದೋಷವನ್ನೆಲ್ಲ ಪಡಿತರದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ಪೋಷಣೆ ದೊರೆಯದೆಂಬುದು ಇದರಿಂದ ಸ್ಪಷ್ಟ. ಕರ್ನಾಟಕದಲ್ಲಿ ರಾಗಿಯನ್ನು ಕೊಂಡು ಪಡಿತರದಲ್ಲಿ ಹಂಚಿರುವುದರಿಂದ ಬೇರೆ ಮಾರ್ಗವು ಅಸಾಧ್ಯವಲ್ಲವೆಂದೂ ತಿಳಿಯುತ್ತದೆ. ಉಗ್ರಾಣದ ಲೆಕ್ಕದೊಡನೆ ಊಟದ ಎಲೆಯ ಲೆಕ್ಕವನ್ನೂ ಇಡುವವರೆಗೆ 47ನೆಯ ಅನುಚ್ಛೇದದ ಋಣವು ತೀರದೆಂದು ನಮ್ಮ ಅಭಿಪ್ರಾಯ.