ಕಾಲೇ ಗಾಲಿಯಾಗಿದ್ದ ವಿಮಾನಗಳು

ಮೈಕ್ರೋಲೈಟ್ ಎಂಬ ಹಗುರ ವಿಮಾನದ ಹಾರಾಟದ ಬೇರು ಇರುವುದು ಹ್ಯಾಂಗ್ ಗ್ಲೈಡರ್‌ನಲ್ಲಿ. ಎಂಜಿನ್ ಇಲ್ಲದ ಆ ರೆಕ್ಕೆಗೆ ಗುಡ್ಡವೂ ಬೇಕು, ಹದವಾದ ಎದುರುಗಾಳಿಯೂ ಬೇಕು. ಬಯಲಿನವರಿಗೆ ಅದು ಎಟುಕದ ಸುಖ. 1975ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಜಾನ್ ಮೂಡಿ ಜೋಡಿರೆಕ್ಕೆಯ ಗ್ಲೈಡರ್‌ಗೆ ಸುಮಾರು 12 ಅಶ್ವಶಕ್ತಿಯ ಪುಟ್ಟ ಎಂಜಿನ್ ಕಟ್ಟಿಕೊಂಡು, ಸಮತಟ್ಟು ನೆಲದ ಮೇಲೆ ಓಡಿ ಮೇಲೆದ್ದರು. ಮರುವರ್ಷ ಆಶ್‌ಕಾಶ್‌ನ ವಿಮಾನ ಮೇಳದಲ್ಲಿ ಅದನ್ನು ಹಾರಿಸಿ ತೋರಿಸಿದ ಮೇಲೆ ಈ ಹುಚ್ಚು ಬೇಗನೆ ಹಬ್ಬಿತು.

ಕಾಲಲ್ಲೇ ಓಡಿ ಏರುವ ಯಂತ್ರ ಹ್ಯಾಂಗ್ ಗ್ಲೈಡರ್ ಲೆಕ್ಕಕ್ಕೇ ಸೇರುತ್ತಿದ್ದುದರಿಂದ ಲೈಸೆನ್ಸ್ ಇಲ್ಲ, ನೋಂದಣಿ ಇಲ್ಲ. ಅಲ್ಯೂಮಿನಿಯಂ ಕೊಳವೆ, ಡೇಕ್ರಾನ್ ಬಟ್ಟೆ, ಉಕ್ಕಿನ ತಂತಿ: ಬಿಚ್ಚಿ ಕಾರಿನ ಮೇಲೆ ಹೇರಿಕೊಂಡು ಹೋದರೆ ಯಾವ ಹುಲ್ಲುಗಾವಲಾದರೂ ವಿಮಾನ ನಿಲ್ದಾಣವೇ. 1978ರಲ್ಲಿ ಬ್ರಿಟನ್ನಿನ ಡೇವಿಡ್ ಕುಕ್ ಕೇವಲ 9 ಅಶ್ವಶಕ್ತಿಯ ಎಂಜಿನ್ ನಂಬಿ ಇಂಗ್ಲಿಷ್ ಕಡಲ್ಗಾಲುವೆಯನ್ನೇ ದಾಟಿದರು.

ಈ ಹಾರಾಟದ ನಿಜವಾದ ರುಚಿ ಇರುವುದು ನಿಧಾನದಲ್ಲಿ. ಮುಂದೆ ಗಾಜಿಲ್ಲ, ಸುತ್ತ ಗೋಡೆಯಿಲ್ಲ. ಕಾಲ ಕೆಳಗೆ ಬೇಲಿ, ಬಣವೆ, ದನದ ಮಂದೆ ಒಂದೊಂದಾಗಿ ಸರಿಯುತ್ತವೆ, ಗಾಳಿ ನೇರ ಮುಖಕ್ಕೇ ಬಡಿಯುತ್ತದೆ. ಮುಂದೆ ಬಂದ ಮೂರು ಗಾಲಿಯ ಟ್ರೈಕ್‌ನಲ್ಲೂ ಈ ಸುಖ ಕೆಡಲಿಲ್ಲ. ಅದರ ರೆಕ್ಕೆಯ ಕಂಬಿಯನ್ನು ಎದೆಯತ್ತ ಎಳೆದರೆ ವೇಗ ಏರುತ್ತದೆ, ಮುಂದಕ್ಕೆ ತಳ್ಳಿದರೆ ತಗ್ಗುತ್ತದೆ, ಎಡಕ್ಕೆ ಸರಿಸಿದರೆ ಯಂತ್ರ ಬಲಕ್ಕೆ ವಾಲುತ್ತದೆ. ಮೈಭಾರವೇ ಇಲ್ಲಿ ಚುಕ್ಕಾಣಿ. ಇಷ್ಟು ನೇರವಾಗಿ ಮೈಗೆ ಮಣಿಯುವ ವಿಮಾನ ಮತ್ತೊಂದಿಲ್ಲ.

ಅಪಾಯವೂ ಅಷ್ಟೇ ನೇರವಾಗಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಎಂಜಿನ್ ಪ್ಲಗ್‌ಗೆ ಮಸಿ ಹಿಡಿದರೆ ನಡುಬಾನಿನಲ್ಲೇ ನಿಲ್ಲುತ್ತಿತ್ತು. ವೇಗ ಕಡಿಮೆಯಾದ್ದರಿಂದ ಹತ್ತಿರದ ಹೊಲದಲ್ಲಿ ಇಳಿಸುವುದು ಸಾಧ್ಯವಿತ್ತು. ಹೆಚ್ಚು ಅಂಜಿಕೆಯದು ಕಲಿಕೆ. ಆಸನ ಒಂದೇ ಆದಾಗ ಗುರುವಿಗೆ ಜಾಗವೆಲ್ಲಿ? ಎಷ್ಟೋ ಮಂದಿಗೆ ಮೊದಲ ಹಾರಾಟವೇ ಒಂಟಿ ಹಾರಾಟವಾಯಿತು, ಜೀವಗಳೂ ಹೋದವು. ಎರಡು ಆಸನದ ಯಂತ್ರ, ಕ್ರಮಬದ್ಧ ತರಬೇತಿ ಬರಲೇಬೇಕಿತ್ತು.

1982ರಲ್ಲಿ ಅಮೆರಿಕ ತಂದ ನಿಯಮ ಮಾತ್ರ ಉದಾರವಾದದ್ದು: ಒಂದೇ ಆಸನ, ಖಾಲಿ ತೂಕ 115 ಕಿಲೋದೊಳಗೆ, ಇಂಧನ ಸುಮಾರು 19 ಲೀಟರ್, ಇಷ್ಟರೊಳಗಿದ್ದು, ಜನವಸತಿಯ ಮೇಲೆ ಹಾರದಿದ್ದರೆ ಇಂದಿಗೂ ಲೈಸೆನ್ಸ್ ಬೇಡ. ಬ್ರಿಟನ್ ಯಂತ್ರದ ತಪಾಸಣೆ, ಪೈಲಟ್ ಲೈಸೆನ್ಸ್ ಎರಡನ್ನೂ ಕಡ್ಡಾಯ ಮಾಡಿತು. ಮುಂದೆ ಆ ಬಿಗಿ ತಪಾಸಣೆಯಲ್ಲಿ ಗೆದ್ದು ಬ್ರಿಟಿಷ್ ಹುಲ್ಲುಗಾವಲುಗಳಿಂದ ಹಾರಿದ ಯಂತ್ರಗಳಲ್ಲಿ ಬೆಂಗಳೂರಿನ ರಾಜಹಂಸ ಕಂಪನಿಯ ಎಕ್ಸ್-ಏರ್ ಕೂಡ ಒಂದು.